ಹಗೇವಿಗೆ ಇಳಿಸಿದ ಬೆಳಕು

ದೊಡ್ಡನೆಕ್ಕುಂದಿ
ಗುರುವಾರ, 15 ಜುಲೈ 1982

ಪ್ರೀತಿಯ ಸೊಸೆ ಅನುಸೂಯಮ್ಮನಿಗೆ,

ಈ ಕಾಗದವನ್ನು ನಿನ್ನ ಅಣ್ಣ ಚಿನ್ನಪ್ಪ ನಡುಮನೆಯಲ್ಲಿ ಗಟ್ಟಿಯಾಗಿ ಓದುತ್ತಾನೆಂದೂ, ಸುತ್ತ ನಿಮ್ಮ ಮನೆಯ ದೊಡ್ಡವರು ಚಿಕ್ಕವರೆಲ್ಲ ಕೂತು ಕೇಳುತ್ತಾರೆಂದೂ ಬಲ್ಲೆ. ಆದಕಾರಣ ಅಲ್ಲಿ ಸೇರಿರುವ ಎಲ್ಲರಿಗೂ ಮೊದಲು ನನ್ನ ನಮಸ್ಕಾರ. ಒಂಬತ್ತು ಜನರ ಸಂಸಾರವನ್ನು ಹತ್ತೊಂಬತ್ತು ವರ್ಷ ಹಸಿವೆಂಬುದನ್ನು ಕಾಣದಂತೆ ನಡೆಸಿದ ಹೆಣ್ಣುಮಗಳನ್ನು ಬೆಳೆಸಿ ನಮಗೆ ಕೊಟ್ಟ ಆ ಮನೆಯ ಹಿರಿಯರಿಗೆ ನಾನು ಎಂದೂ ಬಾಯಿಬಿಟ್ಟು ಕೃತಜ್ಞತೆ ಹೇಳಿದವನಲ್ಲ, ಈಗ ಹೇಳುತ್ತಿದ್ದೇನೆ. ಬೀಗಿತ್ತಿ ಭದ್ರಮ್ಮನವರ ಸೊಂಟದ ಮೂಳೆ ಕೂಡುತ್ತಿದೆಯೆ? ಮಗ್ಗುಲು ಬದಲಿಸುವಾಗ ಈಗಲೂ ಅಷ್ಟೇ ನೋವೆ? ಅವರ ಸೇವೆಯ ನಡುವೆ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆಯೋ ಇಲ್ಲವೋ ಎಂಬ ಯೋಚನೆಯೂ ನನಗಿದೆ. ವೈದ್ಯರು ಹೇಳಿದ ಎರಡು ತಿಂಗಳು ಮುಗಿಯುವ ಮೊದಲು ನೀನು ಅಲ್ಲಿಂದ ಕದಲಬಾರದು. ಮುಂದೆ ಬರೆಯುವುದನ್ನು ಕೇಳಿ ಗಾಬರಿಯಿಂದ ಹೊರಟು ಬರಬೇಡವೆಂದು ಮುಂಚಿತವಾಗಿಯೇ ಹೇಳುತ್ತೇನೆ.

ಯಾರ ಪ್ರಾಣಕ್ಕೂ ಅಪಾಯವಾಗಿಲ್ಲ. ಇದನ್ನು ಎರಡು ಸಲ ಓದಿಸಿಕೊ. ನಿನ್ನ ಮೈದುನ ಶ್ಯಾಮಣ್ಣ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾನೆ. ತಲೆನೋವೊಂದು ಬಿಟ್ಟರೆ ಆರೋಗ್ಯವಾಗಿದ್ದಾನೆ. ಈಗ ನನಗಿರುವ ಭಯವೆಲ್ಲ ನಿನ್ನ ಮಗಳದು. ಸುಬ್ಬಲಕ್ಷ್ಮಿ ಭಾನುವಾರದಿಂದ ಅಡಿಗೆಮನೆಯೊಳಗೆ ಕಾಲಿಟ್ಟಿಲ್ಲ. ಯಾರು ಮಾತನಾಡಿಸಿದರೂ ತಲೆ ಎತ್ತುವುದಿಲ್ಲ. ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳನ್ನು ಕಂಡವನು ನಾನು. ಚೆನ್ನಾಗಿ ಓದುವ ಮಗುವೊಂದು ಒಂದೇ ದಿನದಲ್ಲಿ ತನ್ನ ಮೇಲಿನ ನಂಬಿಕೆ ಕಳೆದುಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತದ್ದನ್ನೂ, ಮತ್ತೆ ಮುಂದೆ ಬಾರದೇ ಹೋದದ್ದನ್ನೂ ನೋಡಿದ್ದೇನೆ. ಇವಳಿಗೂ ಹಾಗಾದೀತೆಂಬುದೇ ನನ್ನ ಭಯ.

ನೀನು ಹೋದ ಮೇಲೆ ಆ ಮಗು ಮನೆಯನ್ನು ನಡೆಸಿದ ಬಗೆಯನ್ನು ಮೊದಲು ಹೇಳಬೇಕು. ನಿನಗಾದರೆ ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ಅವಳು ಕಾಗದದ ಮೇಲೆ ಇಳಿಸಿದಳು. ಶಾಲೆಯ ಟೈಮ್‌ಟೇಬಲ್ಲಿನಂತೆ ಗೆರೆ ಹಾಕಿಕೊಟ್ಟವನು ನಾನು, ತುಂಬಿದವಳು ಅವಳು. ಅವಳ ಅಪ್ಪ ಗೋಪಾಲಪ್ಪನಿಗೆ ಮೊದಲ ಶಿಫ್ಟ್ ಇರುವ ವಾರ ಬೆಳಗಿನ ಐದಕ್ಕೇ ಬುತ್ತಿ ಆಗಬೇಕು. ರಾತ್ರಿ ಶಿಫ್ಟಿನ ವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಸಿ ಮುದ್ದೆ ಬೇಕು. ಶ್ಯಾಮಣ್ಣನಿಗೆ ಮಧ್ಯಾಹ್ನದ ಡಬ್ಬಿಯಲ್ಲಿ ಸೋರುವ ಸಾರು ಆಗದು. ಇವೆಲ್ಲವನ್ನೂ ನೋಡಿಕೊಂಡು ಯಾವ ದಿನ ಬಸ್ಸಾರು, ಯಾವ ದಿನ ಹುರುಳಿಕಾಳು, ಯಾವ ರಾತ್ರಿ ಏನು ನೆನೆಹಾಕಬೇಕು ಎಂದು ಏಳು ದಿನಕ್ಕೂ ಬರೆದು ಗೋಡೆಗೆ ತೂಗುಹಾಕಿದಳು. ಸಂತೆಯಿಂದ ತಂದ ಸೊಪ್ಪು ಮೊದಲೆರಡು ದಿನಕ್ಕೆ, ಕುಂಬಳ ಗೆಡ್ಡೆಗಳು ವಾರದ ಕೊನೆಗೆ. ಸೊಸೈಟಿಗೆ ಸಕ್ಕರೆ, ಸೀಮೆಣ್ಣೆ ಬರುವ ದಿನವನ್ನೂ ಕೇಳಿಕೊಂಡು ಬಂದು ಗುರುತು ಹಾಕಿದ್ದಳು. ಐದು ವಾರದಲ್ಲಿ ಒಂದು ಹಿಡಿ ಸೊಪ್ಪು ಬಾಡಿ ತಿಪ್ಪೆ ಸೇರಿದ್ದನ್ನು ನಾನು ಕಾಣೆ. ಪಕ್ಕದ ಮನೆಯ ಚಿಕ್ಕಮುನಿಯಮ್ಮ ಆ ಹಾಳೆಯನ್ನು ನೋಡಿ, “ಇದೇನ್ ಮೇಷ್ಟ್ರೇ, ನಿಮ್ಮನೇಲಿ ಉಣ್ಣಕ್ಕೂ ಗಂಟೆ ಒಡೀತೀರಾ?” ಎಂದು ನಕ್ಕಿದ್ದಳು.

ಆ ಹಾಳೆಯಲ್ಲಿ ಕಳೆದ ಶನಿವಾರದ ಸಂಜೆಗೆ “ಹಗೇವು ತೆರೆಯುವುದು” ಎಂದೂ, ಭಾನುವಾರ ಬೆಳಿಗ್ಗೆಗೆ “ರಾಗಿ ತೆಗೆದು ಮಿಷನ್ನಿಗೆ” ಎಂದೂ ಇತ್ತು. ಅಲ್ಲಿ ಕೇಳುತ್ತಿರುವ ಪುಟ್ಟ ಮಕ್ಕಳಿಗೆ ಹಗೇವು ತಿಳಿದಿರಲಾರದು. ನೆಲದಲ್ಲಿ ಎರಡಾಳು ಆಳಕ್ಕೆ ತೋಡಿ, ಹುಲ್ಲು ಹಾಸಿ ರಾಗಿ ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ ಕಣಜ ಅದು, ಮಕ್ಕಳೇ. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡದು. ಆದರೆ ಒಳಗಿನ ಗಾಳಿ ಮಾತ್ರ ಉಸಿರಿಗೆ ಆಗದಂತೆ ಕೆಟ್ಟಿರುತ್ತದೆ. ಅದಕ್ಕೇ ಹಿಂದಿನ ದಿನವೇ ಚಪ್ಪಡಿ ಸರಿಸಿ ಬಿಡುವುದು, ಮರುದಿನ ಹರಳೆಣ್ಣೆಯ ದೀಪವೊಂದನ್ನು ಹಗ್ಗದಲ್ಲಿ ಇಳಿಬಿಡುವುದು. ದೀಪ ತಳದವರೆಗೆ ಆರದೆ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ನಮ್ಮ ಕಡೆಯ ಮನೆಗಳಲ್ಲಿ ಇದು ತಲೆತಲಾಂತರದಿಂದ ನಡೆದು ಬಂದ ಕ್ರಮ.

ಶನಿವಾರ ಸಂಜೆ ಸೋನೆ ಹಿಡಿಯಿತು. ಬಾಯಿ ತೆರೆದರೆ ನೀರು ಇಳಿದು ರಾಗಿ ಮುಗ್ಗಲು ಹಿಡಿಯುತ್ತದೆಂದು ಚಪ್ಪಡಿ ಮುಟ್ಟಲಿಲ್ಲ. ಭಾನುವಾರ ಬೆಳಗ್ಗೆ ಬಿಸಿಲು ಬಂತು. ಡಬ್ಬದಲ್ಲಿ ಹಿಟ್ಟು ಒಂದು ಹೊತ್ತಿಗೂ ಸಾಲದು; ಹಿಟ್ಟಿನ ಮಿಷನ್ನಿಗೆ ಕರೆಂಟು ಇರುವುದು ಹತ್ತು ಗಂಟೆಯವರೆಗೆ ಮಾತ್ರ. ಏಳಕ್ಕೆ ಚಪ್ಪಡಿ ಸರಿಸಿ, ಎಂಟಕ್ಕೆ ಇಳಿಯುವುದೆಂದು ತೀರ್ಮಾನವಾಯಿತು. ದೀಪದ ಬದಲು ಟಾರ್ಚು ಇಳಿಸಲಾಯಿತು. ಮೂರು ಸೆಲ್ಲಿನ ಟಾರ್ಚು. ಹಗ್ಗದ ತುದಿಯಲ್ಲಿ ತಿರುಗುತ್ತಾ ಇಳಿದಂತೆ ಗೋಡೆಯ ಹುಲ್ಲು, ತಳದ ರಾಗಿಯ ಕಾಳು ಕಾಳೂ ಹೊಳೆದವು. ಸುಬ್ಬಲಕ್ಷ್ಮಿ ಬಗ್ಗಿ ನೋಡಿ, “ಚೆನ್ನಾಗಿ ಉರೀತಿದೆ ತಾತ” ಎಂದಳು. ಕೆಟ್ಟ ಗಾಳಿಯಲ್ಲಿ ಎಣ್ಣೆಯ ದೀಪ ಆರುತ್ತದೆ, ಟಾರ್ಚು ಆರುವುದಿಲ್ಲ. ಆ ಕ್ಷಣದಲ್ಲಿ ಇದು ಯಾರಿಗೂ ಹೊಳೆಯಲಿಲ್ಲ.

ಆದರೆ ಒಂದು ಕೆಲಸವನ್ನು ಆ ಮಗು ಮಾಡಿತು. ಅದನ್ನು ನೀನು ಮರೆಯಬಾರದು. ಶ್ಯಾಮಣ್ಣ ಇಳಿಯುವ ಮುಂಚೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳಲೇಬೇಕೆಂದು ಹಟ ಹಿಡಿಯಿತು. “ನಾನೇನ್ ಹಸುನಾ ಸುಬ್ಬಿ, ಹಗ್ಗ ಕಟ್ಟಕ್ಕೆ?” ಎಂದ ಅವನು. “ಹಸು ಆಗಿದ್ರೆ ಹಾಲಾದ್ರೂ ಕೊಡ್ತಿತ್ತು ಚಿಕ್ಕಪ್ಪ, ಸುಮ್ನೆ ಕಟ್ಟಿಸ್ಕೋ” ಎಂದು ಇವಳು ತಾನೇ ಗಂಟು ಬಿಗಿದಳು. ಎಲ್ಲರೂ ನಕ್ಕೆವು. ಅವನು ಇಳಿದು, ಮೊದಲ ಬುಟ್ಟಿ ತುಂಬಲು ಬಗ್ಗಿದವನು ಮತ್ತೆ ಎದ್ದು ನಿಲ್ಲಲಿಲ್ಲ. ಕರೆದರೆ ಉತ್ತರವಿಲ್ಲ. ಗೋಪಾಲಪ್ಪ ತಮ್ಮನನ್ನು ಎತ್ತಲು ತಾನೂ ಒಳಗೆ ಕಾಲಿಟ್ಟಿದ್ದ. ಕೂಗು ಕೇಳಿ ಬಂದ ಚಿಕ್ಕಮುನಿಯಮ್ಮ ಅವನ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದಳು. “ಇಳಿದ್ಯೋ, ಇಬ್ಬರ ಎಣಾನೂ ಎತ್ಬೇಕಾಯ್ತದೆ. ಅಗ್ಗ ಎಳೀರೋ” ಎಂದಳು. ಐದು ಜನ ಹಗ್ಗಕ್ಕೆ ಕೈಹಾಕಿದೆವು. ಮೇಲೆ ಬಂದ ಶ್ಯಾಮಣ್ಣನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗಳದ ಗಾಳಿಯಲ್ಲಿ ಮಲಗಿಸಿ, ಎದೆ ನೀವಿ, ಅವನಿಂದ ಒಂದು ಉಸಿರು ಹೊರಬರುವವರೆಗೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ನನ್ನ ಆಯುಸ್ಸಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಈಗಲೂ ಊಟಕ್ಕೆ ಕೂತಾಗ ಅವನು ತುತ್ತು ನುಂಗುವುದನ್ನೇ ನೋಡುತ್ತಿರುತ್ತೇನೆ. ಒಂದು ಗಳಿಗೆ ಅವನು ತಲೆ ತಗ್ಗಿಸಿದರೆ ಹೆಸರು ಹಿಡಿದು ಕರೆಯುತ್ತೇನೆ.

ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಆ ಭಾನುವಾರ ಸಂಜೆ ಹಿಂದಿರುಗಿದ ಗೋಪಾಲಪ್ಪ ಮಗಳ ಮೇಲೆ ಹರಿಹಾಯ್ದ. “ಓದಿದೋಳು ಅಂತ ಮನೆ ಕೈಗೆ ಕೊಟ್ರೆ, ಮನುಷ್ಯನ್ನೇ ಹೂತಾಕ್ತಿದ್ಯಲ್ಲೇ” ಎಂದುಬಿಟ್ಟ. ಹೆದರಿದವನ ಬಾಯಿಂದ ಬಂದ ಮಾತು, ಕೋಪದ್ದಲ್ಲ. ಆದರೆ ಹದಿನೆಂಟರ ಹುಡುಗಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ಅವಳು ಗೋಡೆಯ ಹಾಳೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ತಂದು ನನ್ನ ಕೈಗಿಟ್ಟಳು. “ಇನ್ಮೇಲೆ ಏನ್ ಅಡಿಗೆ ಅಂತ ನನ್ನ ಕೇಳ್ಬೇಡಿ ತಾತ” ಎಂದಳು. ಅಂದಿನಿಂದ ಉಗ್ರಾಣದ ಬಾಗಿಲು ಮುಚ್ಚಿದೆ. ಒಮ್ಮೆ ನಾನು ಸಾರು ಮಾಡಿದೆ, ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಮಿಕ್ಕಂತೆ ಬನ್ನು, ಅವಲಕ್ಕಿ, ನೆರೆಮನೆಯ ಮುದ್ದೆ. ಶಿಫ್ಟಿಗೆ ಹೋಗುವವರು ಬರಿಗೈಯಲ್ಲಿ ಹೋಗುತ್ತಿದ್ದಾರೆ. ನಾನು ಹೆದರುವುದು ಆ ಹಸಿವಿಗಲ್ಲ. ತಾನು ಯೋಚಿಸಿ ಮಾಡಿದ ಕೆಲಸವೆಲ್ಲ ಯಾರನ್ನಾದರೂ ಕೊಲ್ಲುತ್ತದೆಂದು ಆ ಮಗು ನಂಬಿಬಿಟ್ಟರೆ, ಮುಂದೆ ಅವಳು ಬದುಕಿನಲ್ಲಿ ಯಾವುದಕ್ಕೆ ತಾನೇ ಕೈಹಾಕಿಯಾಳು?

ಭದ್ರಮ್ಮನವರಿಗೆ ಬೇಗ ಗುಣವಾಗಲಿ. ಅಲ್ಲಿಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ಚಿನ್ನಪ್ಪನಿಗೆ ವಿಶೇಷವಾಗಿ ನೆನಪು. ನಿನ್ನ ಕೈ ಯಾವಾಗಲೂ ತಂಪಾಗಿರಲಿ, ತಾಯಿ.

ನಿನ್ನ ಮಾವ,
ವೆಂಕಟರಮಣಪ್ಪ

ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಮೇಲೆ ಬರೆಯದೆ ಬಿಟ್ಟದ್ದು. ಟಪಾಲಿನ ಚೀಲ ಮೂರಕ್ಕೆ ಹೋಗುತ್ತದೆ, ಅವಸರದಲ್ಲಿದ್ದೇನೆ. ಇದನ್ನೂ ಎಲ್ಲರ ಮುಂದೆಯೇ ಓದಿಸು. ಆ ಟಾರ್ಚು ನನ್ನದು. ಸುಬ್ಬಲಕ್ಷ್ಮಿ ಹರಳೆಣ್ಣೆ ಹುಡುಕಲು ಎದ್ದಿದ್ದಳು. “ಅದೆಲ್ಲ ಹಳೇ ಕಾಲದ್ದು, ಇದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ” ಎಂದು ಕೊಟ್ಟವನು ನಾನು. ಗೋಡೆಯಾಚೆಯಿಂದ ಚಿಕ್ಕಮುನಿಯಮ್ಮ “ದೀಪ ಇಳಿಸಿದ್ರಾ ಮೇಷ್ಟ್ರೇ?” ಎಂದು ಕೇಳಿದಾಗ “ಇಳಿಸಿದ್ದೀವಮ್ಮ” ಎಂದವನೂ ನಾನೇ. ಉರಿಯುವ ಬತ್ತಿಗೆ ಗಾಳಿ ಬೇಕೆಂದು ಗಾಜಿನ ಲೋಟ ಮುಚ್ಚಿ ತೋರಿಸಿ ಎಷ್ಟೋ ತರಗತಿಗಳಿಗೆ ಪಾಠ ಮಾಡಿದವನು. ಗೋಪಾಲಪ್ಪ ಮಗಳನ್ನು ಬೈಯುವಾಗ ನಾನು ಅಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಇದನ್ನು ಅಂಚೆ ಡಬ್ಬಿಗೆ ಹಾಕಿ ಮನೆಗೆ ಹೋದವನೇ ಅವನಿಗೂ ಅವಳಿಗೂ ಎದುರೆದುರೇ ಹೇಳುತ್ತೇನೆ. ನನ್ನ ಮಾತಿನಿಂದ ಅವಳ ಮೇಲಿನ ತಪ್ಪು ಇಳಿದೀತು, ಭಯ ಇಳಿಯದು. ಅದಕ್ಕೆ ನೀನು ಬೇಕು. ಅವಳಿಗೆ ಬೇರೆಯಾಗಿ ಒಂದು ಕಾರ್ಡು ಬರೆ. ಸಮಾಧಾನದ ಮಾತು ಒಂದೂ ಬೇಡ. ಉಗ್ರಾಣದಲ್ಲಿ ಯಾವ ಕಾಳು ಎಷ್ಟಿದೆ, ಬರುವ ವಾರಕ್ಕೆ ಸಂತೆಯಿಂದ ಏನು ತರಬೇಕು ಎಂದಷ್ಟೇ ಕೇಳು. ಉತ್ತರ ಬರೆಯಬೇಕಾದರೆ ಅವಳು ಆ ಬಾಗಿಲು ತೆರೆದು ಒಳಗೆ ಹೋಗಲೇಬೇಕು. ಚಿನ್ನಪ್ಪ ಇದನ್ನು ಓದಿ ಮುಗಿಸುತ್ತಿದ್ದಂತೆ ಕಾರ್ಡು ತೆಗೆದುಕೊ, ತಾಯಿ, ಶುರುಮಾಡು.