ಬೀರುವಿನ ಹಿಂದಿನ ಬಿರುಕು

ಪುಟ್ಟಿ,

ಕೊಳ್ಳುವವರ ಪರವಾಗಿ ಮನೆ ಪರೀಕ್ಷೆ ಮಾಡುವ ಎಂಜಿನಿಯರ್ ಇವತ್ತು ಮತ್ತೆ ಬರುತ್ತಾರೆ. ನಿನ್ನೆ ನೋಡದೆ ಬಿಟ್ಟ ತಾರಸಿ, ಬಚ್ಚಲುಮನೆ ನೋಡಬೇಕಂತೆ. ನೀನಿನ್ನೂ ಮಲಗಿದ್ದೀಯ, ಇಲ್ಲವೇ ಮಲಗಿದ ಹಾಗೆ ನಟಿಸುತ್ತಿದ್ದೀಯ. ಎದ್ದ ಮೇಲೆ ನಾಯಿಯನ್ನು ಹಿತ್ತಲಲ್ಲಿ ಕಟ್ಟು. ಬಚ್ಚಲಿನ ಕಿಟಕಿ ತೆಗೆದಿಡು, ಮುಗ್ಗಲು ವಾಸನೆ ಹೋಗಲಿ.

ನಿನ್ನೆ ನೀನು ಮಾಡಿದ್ದನ್ನು ನಾನು ನೋಡಿದೆ. ಅವರು ಕೇಳದಿದ್ದರೂ ನೀನೇ ಅಮ್ಮನ ಕೋಣೆಯ ಬೀರು ಸರಿಸಿ, "ಇಲ್ನೋಡಿ ಸಾರ್, ಗೋಡೆನೇ ಬಾಯಿ ಬಿಟ್ಟಿದೆ" ಎಂದೆ. ಬಿರುಕು ತೋರಿಸಿದರೆ ಮಾರಾಟ ನಿಂತುಹೋಗುತ್ತದೆ ಅಂದುಕೊಂಡೆಯಾ? ಅವರು ಉಗುರಿನಲ್ಲಿ ಕೆರೆದು, "ಬರೀ ಮೇಲಿನ ಗಾರೆ ಕಣಮ್ಮ, ಗೋಡೆ ಗಟ್ಟಿಯಾಗಿದೆ" ಎಂದು ನಕ್ಕಾಗ ನಿನ್ನ ಮುಖ ನೋಡಬೇಕಿತ್ತು. ನನಗೂ ನಗು ತಡೆಯಲಾಗಲಿಲ್ಲ.

ಗೇಟಿನ ಹತ್ತಿರ ಅವರು, "ಒಳಗಿರೋರು ಯಾರು?" ಎಂದು ಕೇಳಿದರು. ಮಾರಲು ಮನಸ್ಸಿಲ್ಲದ ತಂಗಿ ಎಂದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಅದಕ್ಕೆ, ಅಮ್ಮನನ್ನು ನೋಡಿಕೊಳ್ಳಲು ಇಟ್ಟಿದ್ದ ಕೆಲಸದವಳು ಎಂದೆ. ನಿನ್ನ ಒರಟು ಕೈ ನೋಡಿದ್ದ ಅವರಿಗೆ ಚೂರೂ ಅನುಮಾನ ಬರಲಿಲ್ಲ. "ಅಮ್ಮ ತೀರಿಕೊಂಡ ಮೇಲೂ ಬಿಟ್ಟುಹೋಗಿಲ್ವಲ್ಲ, ಪಾಪ" ಅಂದರು. ಓದು ಬಿಟ್ಟು, ಬಂದ ಸಂಬಂಧ ಬಿಟ್ಟು, ಅಮ್ಮನ ಹೇಲುಚ್ಚೆ ಬಾಚಿದವಳು ನೀನು. ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?

ಇವತ್ತು ಕೆಲಸದವಳ ಹಾಗೇ ಇರು. ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು. ಅಮ್ಮನ ಮಂಚದ ಮೇಲೆ ಕೂತು ಅಳಬೇಡ. ಅವರು ಬರುವ ಹೊತ್ತಿಗೆ ನಾನೂ ಬಂದುಬಿಡುತ್ತೇನೆ. ಅವರೆದುರು ನನ್ನನ್ನು ಅಕ್ಕ ಅನ್ನಬೇಡ, ಮೇಡಂ ಅನ್ನು.