ಆರಿದ್ರಾ ಕಾಲಂ

೪ ಅಕ್ಟೋಬರ್ ೧೯೯೩, ಸೋಮವಾರ. ಅಫಜಲಪುರ

ಸಕ್ಕರೆ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಮತ್ತೆ ರೈತರ ಕಬ್ಬಿನ ಚೀಟಿ ಟೈಪ್. ಕಬ್ಬು ಹಚ್ಚಿದ್ದು ಯಾವಾಗ ಅಂದರೆ ಇಲ್ಲಿನ ರೈತರು ಮಳೆಯ ಹೆಸರು ಹೇಳುತ್ತಾರೆ — ಮಿರಗ, ಆರಿದ್ರಾ, ಪುನರ್ವಸು. ಗುಲಬರ್ಗಾದವರು ಬರೆದ ಪ್ರೋಗ್ರಾಂಗೆ ಜೂನ್, ಜುಲೈ ಅಷ್ಟೇ ಗೊತ್ತು. ಆರಿದ್ರಾ ಎರಡೂ ತಿಂಗಳಿಗೆ ಕಾಲು ಚಾಚಿದೆ. ಮೊದಲು ಹಚ್ಚಿದವರಿಗೆ ಮೊದಲು ಕಟಾವು; ಹೋದ ವರ್ಷ ಯಾರೋ ಆರಿದ್ರಾವನ್ನು ಜುಲೈಗೆ ತಳ್ಳಿದರು. ಕರಜಗಿಯ ಮಲ್ಕಮ್ಮನ ಕಟಾವಿನ ಪಾಳಿ ತಡವಾಯಿತು, ಕಬ್ಬು ನಿಂತಲ್ಲೇ ಬೆಂಡಾಯಿತು. ಇವತ್ತು ಆಫೀಸಿಗೇ ಬಂದಿದ್ದಳು. "ಈ ಸಲಾನೂ ಹಂಗ ಆದ್ರ ನಾನೇ ಬೆಂಕಿ ಹಚ್ತೇನಿ ಎವ್ವಾ."

ಪ್ರೋಗ್ರಾಂ ಬದಲಿಸುತ್ತೇನೆ.

೫ ಅಕ್ಟೋಬರ್

ಮಳೆಗೊಂದು ಕಾಲಂ ಮಾಡಿದೆ. ಚೀಟಿಯಲ್ಲಿರುವ ಹೆಸರನ್ನೇ ಓದಿ, ಆ ಹೆಸರಿನ ಕಾಲಂನಲ್ಲೇ ರೆಕಾರ್ಡ್ ಹಾಕಬೇಕು. ಫಾಕ್ಸ್‌ಪ್ರೋ ಭಾಷೆಯಲ್ಲಿ ಆ ಹೆಸರಿನ ಮುಂದೊಂದು & ಗುರುತು ಸಾಕು. ಇಷ್ಟೇ!

ಕಬ್ಬಿನ ವಿಭಾಗದ ಮುಖ್ಯಸ್ಥರು ಬಸವಂತರಾಯ ಸಾಹೇಬರು. ನಕ್ಕರು. "ಹಳೇದು ನಡದದಲ್ರಿ ಸುಂದರಬಾಯಿ. ಶನಿವಾರ ಹನ್ನೊಂದಕ್ಕ ಪಾಳಿ ಪಟ್ಟಿ ಬೇಕು. ಇಲ್ಲಂದ್ರ ಹಳೇದ್ರಾಗೇ ತೆಗೀರಿ."

ನೋಡೋಣ.

೮ ಅಕ್ಟೋಬರ್, ಸಂಜೆ

ಓಡಿತು... ನಿಂತಿತು. 'ಲಗ್ನ' ಅನ್ನುವ ಕಾಲಂ ಸಿಗಲಿಲ್ಲವಂತೆ. ಚೀಟಿ ಹುಡುಕಿದೆ — ಮಲ್ಕಮ್ಮನದೇ! "ಮಗಳ ಲಗ್ನದಾಗ ಹಚ್ಚೇನಿ" ಅಂದಿದ್ದಾಳೆ, ಹೊಲ ಸುತ್ತಿ ಚೀಟಿ ಬರೆಯುವ ಫೀಲ್ಡ್‌ಮನ್ ಹಾಗೇ ಬರೆದಿದ್ದಾನೆ, ನಾನೂ ಕಣ್ಣು ಮುಚ್ಚಿ ಟೈಪ್ ಮಾಡಿದ್ದೇನೆ. ನಗು ಬಂತು, ಅಳುವೂ. ಗೊತ್ತಿಲ್ಲದ ಹೆಸರು ಬಂದರೆ ಚೀಟಿ ಪಕ್ಕಕ್ಕಿಟ್ಟು ಕೇಳಬೇಕು ಅಂತ ಪ್ರೋಗ್ರಾಂನಲ್ಲಿ ಸೇರಿಸಿದೆ. ನಾಳೆ ಮೊದಲ ಬಸ್ಸಿಗೆ ಕರಜಗಿ.

೯ ಅಕ್ಟೋಬರ್, ಶನಿವಾರ. ೧೦.೪೦

ಮಲ್ಕಮ್ಮ ಎಮ್ಮೆಗೆ ಮೇವು ಹಾಕುತ್ತಿದ್ದಳು. ಲಗ್ನ ಯಾವಾಗ ಆಯಿತು ಅಂದೆ. "ಆರಿದ್ರಾ ಹೊಕ್ಕ ದಿನಾನೇ. ಹಂದರ ತೊಯ್ದು ಬಿದ್ದಿತ್ತು, ಊರಿಗೇ ಗೊತ್ತದ." ಅದೇ ಬಸ್ಸಿಗೆ ವಾಪಸ್. ಲಗ್ನದ ಜಾಗದಲ್ಲಿ ಆರಿದ್ರಾ ಅಂತ ಟೈಪ್ ಮಾಡಿದೆ. ಓಡಿತು. ಒಂದು ಚೀಟಿಯೂ ಹೊರಗುಳಿಯಲಿಲ್ಲ. ಮಲ್ಕಮ್ಮನಿಗೆ ಮೊದಲ ವಾರದ ಪಾಳಿ!

ಆಮೇಲೆ ಕಣ್ಣಿಗೆ ಬಿತ್ತು. ಸಾಹೇಬರ ಸ್ವಂತ ಕಬ್ಬು ಪುನರ್ವಸು — ಅಪ್ಪಟ ಜುಲೈ. ಹಳೇ ಪ್ರೋಗ್ರಾಂನ ಪಟ್ಟಿಯಲ್ಲಿ ಅದು ಜೂನ್ ಅಂತ ಸೇರಿ ಮೇಲೆ ಕೂತಿತ್ತು. ಈಗ ಕೆಳಗೆ ಇಳಿದಿದೆ. ಅದಕ್ಕೇ ಮೊನ್ನೆ ಹಳೇದೇ ಸಾಕು ಅಂದ ಆ ನಗು.

ಆದರೂ ಪ್ರಿಂಟ್ ಕೊಟ್ಟೆ. ಹೊರಗೆ ಅವರ ಚಪ್ಪಲಿ ಸದ್ದು. ಮುಚ್ಚಿಡಲ್ಲ. ಮೊದಲು ಪಟ್ಟಿಯಲ್ಲಿ ಅವರ ಸಾಲನ್ನೇ ತೋರಿಸುತ್ತೇನೆ.