ತೂತಿನ ಕಲ್ಲು

ಮನೆಯಿಂದ, ನಿನ್ನ ಹೊಲಿಗೆ ಕೋಣೆ
ಜೂನ್ ೯, ಬೆಳಿಗ್ಗೆ

ಪ್ರೀತಿಯ ಟೈಲರಮ್ಮನಿಗೆ,

ನಿನ್ನಕ್ಕನ ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರವಾಯಿತಲ್ಲ, ಈಗ ಕೋಲು ಹಿಡಿದಾದರೂ ಓಡಾಡುತ್ತಿರಬೇಕು. ನಿನ್ನ ಸೊಂಟವನ್ನೂ ನೋಡಿಕೋ. ಅವರನ್ನು ಎತ್ತಲು ಹೋಗಿ ನೀನು ಮಲಗಬೇಡ. ನಾನು ಚೆನ್ನಾಗಿದ್ದೇನೆ. ಮಗನ ಅಡುಗೆಯಲ್ಲಿ ಒಂದು ದಿನ ಉಪ್ಪಿಲ್ಲ, ಮರುದಿನ ಬರೀ ಉಪ್ಪೇ.

ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನನ್ನ ಸಿಟ್ಟು ಅರ್ಧಕ್ಕೇ ಆರಿಹೋಗುತ್ತದೆ. ಆರಬಾರದು ಎಂದೇ ಬರೆಯುತ್ತಿದ್ದೇನೆ. ನೀನು ಬಸ್ಸು ಹತ್ತಿದ್ದೇ ತಡ, ನಿನ್ನ ಮಗ ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸುತ್ತೇನೆಂದು ಹೊರಟ. ಗುಡಿಸಲು ಸುಲಭವಂತೆ. ಹೋದ ಮಳೆಗಾಲದಲ್ಲಿ, ನಾನೇ ಹಾಕಿಕೊಟ್ಟ ಪಕ್ಕದ ಮನೆಯ ಸಿಮೆಂಟು ಅಂಗಳದ ನೀರೆಲ್ಲ ಈ ಕೋಣೆಗೆ ನುಗ್ಗಿದ್ದು, ಯಾರದೋ ಮದುವೆಯ ಬಟ್ಟೆ ಬಣ್ಣ ಬಿಟ್ಟದ್ದು, ನೀನು ಮಿಷನ್ನನ್ನು ಮಂಚದ ಮೇಲೆ ಹತ್ತಿಸಿ ಕಾವಲು ಕೂತದ್ದು, ಒಂದೂ ಅವನ ನೆನಪಿನಲ್ಲಿಲ್ಲ. ಇಳಿಜಾರು ನಮ್ಮ ಕಡೆಗೇ ಬೇಕೆಂದು ಹಠ ಹಿಡಿದ ಆ ಮಹಾತಾಯಿಯ ನೀರನ್ನು ಅಷ್ಟೋ ಇಷ್ಟೋ ಕುಡಿಯುತ್ತಿದ್ದುದು ನಮ್ಮ ಮಣ್ಣೊಂದೇ. ಅದನ್ನೂ ಮುಚ್ಚುವುದೇ? "ನಿಮ್ಮಮ್ಮ ಇನ್ನು ದೋಣಿಯಲ್ಲಿ ಕೂತು ಹೊಲೀಬೇಕೇನೋ?" ಎಂದೆ. "ಮತ್ತೆ ಕಾರನ್ನ ಕೆಸರಲ್ಲಿ ನಿಲ್ಲಿಸ್ಲಾ?" ಎಂದ. ಅದೂ ಸರಿಯೇ ಅನ್ನು.

ಹಾಗಾಗಿ ಹುಲ್ಲು ಬೆಳೆಯುವ ಕಲ್ಲು ನೋಡಲು ಹೋದೆವು. ಪ್ಲಾಸ್ಟಿಕ್ಕಿನ ಜಾಲರಿ ಹಗುರವಾಗಿತ್ತು, ಆದರೆ ಇವನು ಕಾರು ತಿರುಗಿಸುವ ರಭಸಕ್ಕೆ ಅದರ ಅಂಚು ಎದ್ದೀತು ಅನ್ನಿಸಿತು. ಕಾಂಕ್ರೀಟಿನದು ಗಟ್ಟಿ, ಒಂದೊಂದರಲ್ಲೂ ಎಂಟು ತೂತು. ಕೆಳಗೆ ಜಲ್ಲಿ, ಮರಳು. ತೂತಿಗೆ ಮಣ್ಣು ತುಂಬಿ ಹುಲ್ಲು ನೆಟ್ಟರೆ ಕಾರು ಕಲ್ಲಿನ ಮೇಲೆ ನಿಲ್ಲುತ್ತದೆ, ನೀರು ತೂತಿನಲ್ಲಿ ಇಳಿಯುತ್ತದೆ. ಒಂದು ಬಕೆಟ್ ನೀರು ತರಿಸಿ ಅಲ್ಲೇ ಸುರಿದು ನೋಡಿದೆ. ಅಂಗಡಿಯವನ ಚಪ್ಪಲಿ ನೆನೆದದ್ದು ಅವನ ಹಣೆಬರಹ.

ಕೆಲಸಕ್ಕೆ ಹೊರಗಿನವರು ಬೇಡವೆಂದು, ನನ್ನ ಕೈಕೆಳಗೆ ಟೈಲ್ಸ್ ಹಾಕಲು ಕಲಿತ ಹಳೆಯ ಶಿಷ್ಯನನ್ನೇ ಕರೆಸಿದೆ. ದಾರ ಹಿಡಿದ ಹಾಗೆ ಸಾಲು ಜೋಡಿಸಿದ. ಊಟ ಮಾಡಿ ಸ್ವಲ್ಪ ಅಡ್ಡಾದೆ. ಎದ್ದು ಬಂದು ನೋಡುತ್ತೇನೆ, ಅರ್ಧ ಅಂಗಳದ ತೂತುಗಳಿಗೆಲ್ಲ ಸಿಮೆಂಟು ಮೆತ್ತಿ, ಮೇಲೆ ಕರಣೆ ಎಳೆದು ಕನ್ನಡಿ ಮಾಡಿಟ್ಟಿದ್ದಾನೆ! ನಾನು ಕೂಗಿದ ಕೂಗಿಗೆ ಬೀದಿಯವರು ಬಾಗಿಲು ತೆರೆದರು. ಅವನು ಕರಣೆ ಕೆಳಗಿಟ್ಟು, "ಸೂಜಿ ತೂರೋಷ್ಟೂ ಸಂದು ಬಿಡಬಾರದು ಅಂತ ತಲೆಗೆ ಮೊಟಕಿ ಕಲಿಸಿದ್ದು ನೀವೇ ಅಲ್ವಾ, ಮೇಸ್ತ್ರಿಗಳೇ?" ಎಂದ. ಮಣ್ಣು ತುಂಬು ಎಂದು ಹೇಳಿದ್ದೇನೆ ಅಂದುಕೊಂಡಿದ್ದೆ. ಹೇಳಿರಲಿಲ್ಲ.

ಹಸಿಯಿದ್ದದ್ದನ್ನು ಗೋರಿದೆವು, ಬಿಗಿದದ್ದಕ್ಕೆ ಉಳಿ ಹಿಡಿದೆವು. ಕೆಲಸದಿಂದ ಬಂದ ಮಗ ಪ್ಯಾಂಟು ಮಡಚಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಗೋಡೆಯ ಆ ಕಡೆಯಿಂದ ಪಕ್ಕದ ಮನೆಯಾಕೆ, ಗೋರಲು ಆದೀತೆಂದು ಒಂದು ಕಬ್ಬಿಣದ ಸೌಟು ಚಾಚಿದಳು. ಇಸಿದುಕೊಂಡೆ.

ನಿನ್ನೆ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಳೆ ಸುರಿಯಿತು. ಈ ಕೋಣೆಗೆ ಹನಿ ನೀರೂ ಬರಲಿಲ್ಲ, ಬರಿಗಾಲು ಊರಿಕೊಂಡೇ ಬರೆಯುತ್ತಿದ್ದೇನೆ. ತೂತಿಗೆ ಮಣ್ಣು ತುಂಬಿ ನೆಟ್ಟ ಹುಲ್ಲು ಬೋಳುತಲೆಗೆ ಕೂದಲು ಬಂದ ಹಾಗಿದೆ. ಅದು ಬೇರು ಬಿಡುವ ತನಕ ಕಾರು ಬೀದಿಯಲ್ಲೇ. ಮಗ ಗೊಣಗುತ್ತಾನೆ, ಗೊಣಗಲಿ.

ನಿನ್ನಕ್ಕನಿಗೆ ನನ್ನ ನಮಸ್ಕಾರ. ನಿಧಾನವಾಗಿ ನಡೆಯಲು ಹೇಳು.

ನಿನ್ನ
ಮೇಸ್ತ್ರಿ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಪಕ್ಕದವಳು ಇಳಿಜಾರಿಗೆ ಹಠ ಹಿಡಿದಳು ಎಂದು ನಿನಗೆ ಹೇಳಿದ್ದು ಸುಳ್ಳು. ಅವಳು ಬೀದಿಯ ಕಡೆಗೇ ಕೇಳಿದ್ದಳು. ಅಷ್ಟು ಅಗೆಯಲು ಬೇಜಾರಾಗಿ, ನಮ್ಮ ಮಣ್ಣು ಕುಡಿದುಕೊಳ್ಳುತ್ತದೆ ಬಿಡು ಎಂದು ಈ ಕಡೆ ತಿರುಗಿಸಿದವನು ನಾನು. ಒಂದು ವರ್ಷದಿಂದ ನೀನು ಅವಳ ಜೊತೆ ಮಾತು ಬಿಟ್ಟಿದ್ದೀ, ಅವಳು ಒಂದು ದಿನವೂ ನನ್ನ ಹೆಸರೆತ್ತಲಿಲ್ಲ. ಅವಳ ಸೌಟು ಇನ್ನೂ ನಮ್ಮಲ್ಲೇ ಇದೆ. ನೀನು ಬಂದು ನೀನೇ ಕೊಟ್ಟು ಬಾ. ಬೈಗುಳವೆಲ್ಲ ನನಗೇ ಇಟ್ಟಿರು.